ಮೂರು ಊರು, 6 ಟಿಬಿ ಫೈಲು: ಪೂರ್ತಿ ಪ್ರತಿ ಇಡಬೇಕೋ, ಇರೇಷರ್ ಕೋಡಿಂಗ್ ಮಾಡಬೇಕೋ?

ಬೆಟಗೇರಿ_ಪ್ರೆಸ್

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್. ಆರ್ಡರ್ ಹಿಡಿಯುವ ಆಫೀಸು ಹುಬ್ಬಳ್ಳಿಯಲ್ಲಿದೆ, ಡಿಸೈನ್ ಕೆಲಸ ಧಾರವಾಡದಲ್ಲಿ. ಲಗ್ನಪತ್ರಿಕೆ, ಕ್ಯಾಲೆಂಡರ್, ಜಾತ್ರೆ ಪೋಸ್ಟರ್, ಹಳೇ ಪುಸ್ತಕಗಳ ಸ್ಕ್ಯಾನ್ ಎಲ್ಲಾ ಸೇರಿ 6 ಟಿಬಿ ಆಗಿದೆ. ಹೋದ ಮಳೆಗಾಲದಲ್ಲಿ ಸಿಡಿಲಿಗೆ ಪ್ರೆಸ್‌ನ ಒಂದು ಡಿಸ್ಕ್ ಹೋಯಿತು. ಒಬ್ಬ ಹಿರಿಯ ಮಾಸ್ತರರು ತಮ್ಮ ಊರಿನ ಇತಿಹಾಸ ಬರೆದಿದ್ದ ಪುಸ್ತಕ ಅದರಲ್ಲೇ ಇತ್ತು. ಅವರು ಈಗಿಲ್ಲ. ಮನೆಯವರು ಮರುಮುದ್ರಣ ಕೇಳಿಕೊಂಡು ಬಂದಾಗ ನಮ್ಮ ಹತ್ತಿರ ಏನೂ ಉಳಿದಿರಲಿಲ್ಲ. ಇನ್ನೊಮ್ಮೆ ಹಂಗಾಗಬಾರದು.

ಮೂರೂ ಊರಲ್ಲಿ ಪೂರ್ತಿ ಪ್ರತಿ ಇಟ್ಟರೆ 18 ಟಿಬಿ ಬೇಕು. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಅಣ್ಣನ ಮಗ, "ಇರೇಷರ್ ಕೋಡಿಂಗ್ ಮಾಡಿದರೆ 9 ಟಿಬಿ ಸಾಕು ಅತ್ತೆ, ಯಾವ ಒಂದು ಊರಿನ ಡಿಸ್ಕ್ ಹೋದರೂ ನಡೀತದೆ" ಅಂತಾನೆ. ಮೂರೂ ಕಡೆ 100 ಎಂಬಿಪಿಎಸ್ ಲೈನ್ ಇದೆ. ಇದನ್ನು ನಂಬಬಹುದಾ?

ಸಾಧನಕೇರಿ_ಗಣಿತ

ಹುಡುಗ ಹೇಳಿದ ಲೆಕ್ಕ ಸರಿ ಇದೆ ಅಕ್ಕಾ. ಫೈಲನ್ನು ಎರಡು ತುಂಡು ಮಾಡಿ, ಅವೆರಡರಿಂದ ಮೂರನೇದೊಂದನ್ನು ಹುಟ್ಟಿಸುತ್ತಾರೆ. ಒಂದು ತುಂಡು 37, ಇನ್ನೊಂದು 45 ಅಂದುಕೊಳ್ಳಿ. ಮೂರನೇ ಊರಲ್ಲಿ 82 ಬರೆದಿಡಿ. 45 ಹೋಯಿತಾ? 82ರಲ್ಲಿ 37 ಕಳೆದರೆ ಸಿಕ್ಕಿತು. ನಿಜದಲ್ಲಿ ಕೂಡಿಸುವ ಬದಲು ಎಕ್ಸ್‌ಆರ್ ಅಂತ 0-1ಗಳ ಮೇಲಿನ ಒಂದು ಲೆಕ್ಕ ಮಾಡುತ್ತಾರೆ, ಅಷ್ಟೇ. ಒಂದಕ್ಕಿಂತ ಜಾಸ್ತಿ ತುಂಡು ಹೋದರೂ ತಾಳಬೇಕು ಅಂದರೆ ರೀಡ್ ಮತ್ತು ಸಾಲೊಮನ್ ಎಂಬಿಬ್ಬರು 1960ರಲ್ಲಿ ಕೊಟ್ಟ ಕೋಡ್ ಇದೆ. ಸಿಡಿ ಮೇಲೆ ಗೀರು ಬಿದ್ದರೂ ಹಾಡು ಕೇಳುತ್ತಿತ್ತಲ್ಲ, ಅದರ ಹಿಂದೆಯೂ ಅದೇ ಕೋಡ್ ಇತ್ತು.

ವಿದ್ಯಾನಗರ_ಸ್ಟೋರೇಜ್

ನನ್ನ ಕೆಲಸವೇ ಸ್ಟೋರೇಜ್. ಗಣಿತ ಸರಿ, ಆದರೆ ನಿಮ್ಮ ಪ್ರೆಸ್‌ಗೆ ಇದು ಬೇಡ ಅಂತ ನನ್ನ ಖಚಿತ ಅಭಿಪ್ರಾಯ.

ಡಿಸ್ಕ್ ಹೋದಾಗ ಏನಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಡಿಸ್ಕ್ ಚೆನ್ನಾಗಿರುವ ದಿನ ಏನಾಗುತ್ತದೆ ಅಂತ ಮೊದಲು ನೋಡಿ. ಎರಡು ಜಿಬಿಯ ಕ್ಯಾಲೆಂಡರ್ ಫೈಲ್ ಗದಗದಲ್ಲಿ ತೆರೆಯಬೇಕು. ಅರ್ಧ ಮಾತ್ರ ಅಲ್ಲಿದೆ. ಉಳಿದ ಒಂದು ಜಿಬಿ ಹುಬ್ಬಳ್ಳಿಯಿಂದಲೋ ಧಾರವಾಡದಿಂದಲೋ ಬರಬೇಕು. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಎಂಬಿ. ಲೈನ್ ಪೂರ್ತಿ ಖಾಲಿ ಇದ್ದರೂ 80 ಸೆಕೆಂಡು. ಆ ಕಡೆಯ ಅಪ್‌ಲೋಡ್ ಕಡಿಮೆ ಇದ್ದರೆ ಇನ್ನೂ ತಡ. ಪ್ರತಿ ಫೈಲಿಗೂ ಇದೇ ಕಥೆ. ಗದಗದಲ್ಲಿ ಇಂಟರ್ನೆಟ್ ಹೋಯಿತು ಅಂದರೆ ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ ನಿಮ್ಮದೇ ಪ್ರೆಸ್‌ನಲ್ಲಿ ನಿಮ್ಮ ಒಂದು ಫೈಲೂ ತೆರೆಯುವುದಿಲ್ಲ. ಮಷಿನ್ ಮುಂದೆ ಜನ ಸುಮ್ನೆ ನಿಲ್ಲಬೇಕಾಗುತ್ತದೆ.

ಸರಿ, ಉಳಿತಾಯ ಎಷ್ಟು? ಟಿಬಿಯಲ್ಲಿ ಲೆಕ್ಕ ಹಾಕಬೇಡಿ, ಡಿಸ್ಕ್‌ನಲ್ಲಿ ಹಾಕಿ. ಇರೇಷರ್ ಕೋಡಿಂಗ್ ಆದರೆ ಊರಿಗೊಂದು 4 ಟಿಬಿ ಡಿಸ್ಕ್. ಪೂರ್ತಿ ಪ್ರತಿ ಆದರೆ ಊರಿಗೊಂದು 8 ಟಿಬಿ. ಎರಡರಲ್ಲೂ ಮೂರೇ ಡಿಸ್ಕ್, ಮೂರೇ ಪೆಟ್ಟಿಗೆ (ಡಿಸ್ಕ್ ಕೂರಿಸುವ ಯಂತ್ರ), ಮೂರೇ ಯುಪಿಎಸ್. ಆ ಸ್ವಲ್ಪ ದುಡ್ಡಿಗಾಗಿ ಮೂರು ಊರಿನ ಕೆಲಸವನ್ನು ಲೈನ್‌ಗೆ ಕಟ್ಟಿಹಾಕಬೇಡಿ.

ದೊಡ್ಡವರ ಲೆಕ್ಕ ಬೇರೆ. ರಾಶಿ ಯಂತ್ರಗಳಲ್ಲಿ ದತ್ತಾಂಶ ಹಂಚಿಡುವ ಹಡೂಪ್ ಸಾಫ್ಟ್‌ವೇರ್‌ನಲ್ಲಿ ಮೊದಲಿಂದಲೂ ಪ್ರತಿ ಬ್ಲಾಕ್‌ಗೆ (ಫೈಲಿನ ತುಂಡಿಗೆ) ಮೂರು ಪ್ರತಿ ಇಡುವುದೇ ರೂಢಿ. 2017ರಲ್ಲಿ ಬಂದ ಹಡೂಪ್ 3ರಲ್ಲಿ ಆರು ತುಂಡಿಗೆ ಮೂರು ಹೆಚ್ಚುವರಿ ತುಂಡು ಸೇರಿಸುವ ದಾರಿ ಕೊಟ್ಟರು. 600 ಟಿಬಿಗೆ 1800 ಬದಲು 900 ಸಾಕು. ಯಾವ ಮೂರು ತುಂಡು ಹೋದರೂ ದತ್ತಾಂಶ ಉಳಿಯುತ್ತದೆ. ಅಲ್ಲಿ ಉಳಿತಾಯ ಆಗುವುದು ರಾಶಿ ಡಿಸ್ಕು, ಅವುಗಳ ಕರೆಂಟು, ಇಡುವ ಜಾಗ. ಜೊತೆಗೆ ಎಲ್ಲ ಯಂತ್ರಗಳೂ ಒಂದೇ ಕಟ್ಟಡದಲ್ಲಿ, ದಪ್ಪ ಕೇಬಲ್‌ನಲ್ಲಿ ಕೂತಿರುತ್ತವೆ.

ಸಾಧನಕೇರಿ_ಗಣಿತ

ಒಪ್ಪಿದೆ ಸರ್. ಒಂದು ಮಾತು ಸೇರಿಸುತ್ತೇನೆ, ಯಾಕಂದರೆ ಇದು ನಮ್ಮ ರಾಜ್ಯದಲ್ಲೇ ಆದ ಕೆಲಸ. ಎಂಟು ತುಂಡಿಗೆ ನಾಲ್ಕು ಹೆಚ್ಚುವರಿ ಇರುವಾಗ ಒಂದು ಹೋದರೆ, ಅದನ್ನು ಮತ್ತೆ ಕಟ್ಟಲು ರೀಡ್-ಸಾಲೊಮನ್‌ಗೆ ಎಂಟು ತುಂಡು ಪೂರ್ತಿ ಓದಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿಜಯ್ ಕುಮಾರ್ ಅವರ ತಂಡ ಮತ್ತು ಜೊತೆಗಾರರು 2018ರಲ್ಲಿ ತೋರಿಸಿದ ಕ್ಲೇ ಕೋಡ್‌ನಲ್ಲಿ, ಉಳಿದ ಹನ್ನೊಂದರಿಂದ ಕಾಲು ಕಾಲು ಭಾಗ ಓದಿದರೆ ಸಾಕು. ಅಂದರೆ ಎಂಟು ತುಂಡಿನ ಬದಲು ಎರಡೂ ಮುಕ್ಕಾಲು. ಸೆಫ್ ಎಂಬ ಉಚಿತ ಸ್ಟೋರೇಜ್ ಸಾಫ್ಟ್‌ವೇರ್‌ನಲ್ಲಿ ಅದು 2019ರಿಂದ ಇದೆ. ಅಣ್ಣನ ಮಗ ಪ್ರಾಜೆಕ್ಟ್‌ಗೆ ಇದನ್ನು ಓದಲಿ, ಬಹಳ ಚೆಂದ ಇದೆ. ಆದರೆ ನಿಮ್ಮ ಎರಡಕ್ಕೊಂದು ಜೋಡಣೆಯಲ್ಲಿ ಇದರಿಂದ ಏನೂ ಉಳಿತಾಯ ಆಗುವುದಿಲ್ಲ.

ಬೆಟಗೇರಿ_ಪ್ರೆಸ್

ಇಬ್ಬರಿಗೂ ಧನ್ಯವಾದ. ಹಂಗಾದರೆ ಮೂರು ಕಡೆ ಪೂರ್ತಿ ಪ್ರತಿ ಇಟ್ಟು, ರಾತ್ರಿ ತಾನಾಗಿ ಕಾಪಿ ಆಗುವ ಹಂಗೆ ಮಾಡಿದರೆ ಮುಗೀತಲ್ವಾ?

ವಿದ್ಯಾನಗರ_ಸ್ಟೋರೇಜ್

ಇಲ್ಲ ಅಕ್ಕಾ, ಇನ್ನೂ ಇದೆ. ಯಾರೋ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ರಾತ್ರಿ ಆ ಅಳಿಸಿದ್ದೂ ಮೂರು ಕಡೆ ಕಾಪಿ ಆಗುತ್ತದೆ. ರಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೂ ಹಾಗೇ. ಅದಕ್ಕೇ ಹುಬ್ಬಳ್ಳಿಯ ಪೆಟ್ಟಿಗೆಯಲ್ಲಿ ಸ್ನ್ಯಾಪ್‌ಶಾಟ್ ಇಡಿ, ಹಳೇ ದಿನಗಳ ಸ್ಥಿತಿ ಅಲ್ಲಿ ಉಳಿದಿರಲಿ. ಧಾರವಾಡದ ಡಿಸ್ಕನ್ನು ವಾರಕ್ಕೊಮ್ಮೆ ಜೋಡಿಸಿ, ಕಾಪಿ ಮಾಡಿ, ವೈರ್ ಪೂರ್ತಿ ಕಿತ್ತು ಕಪಾಟಿನಲ್ಲಿಡಿ. ಸಿಡಿಲೂ ವೈರಸ್ಸೂ ಅದನ್ನು ಮುಟ್ಟಲ್ಲ.

ಪೆಟ್ಟಿಗೆಗೆ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲು ಜೋಡಿಸಿಡುವ ಸಾಫ್ಟ್‌ವೇರ್) ಹಾಕಿಸಿ. ಅದು ಪ್ರತಿ ಬ್ಲಾಕ್‌ಗೂ ಚೆಕ್‌ಸಮ್ (ತಾಳೆ ನೋಡಲು ಬಳಸುವ ಸಂಖ್ಯೆ) ಬರೆದಿಡುತ್ತದೆ. ತಿಂಗಳಿಗೊಮ್ಮೆ ಸ್ಕ್ರಬ್ ಓಡಿಸಿ ಎಲ್ಲವನ್ನೂ ತಾಳೆ ನೋಡಿದರೆ ಸದ್ದಿಲ್ಲದೆ ಕೆಟ್ಟ ಬ್ಲಾಕ್ ಎಲ್ಲಿದೆ ಅಂತ ಗೊತ್ತಾಗುತ್ತದೆ. ಇನ್ನೊಂದು ಊರಿನಿಂದ ಒಳ್ಳೇ ಪ್ರತಿ ತಂದುಕೊಳ್ಳಬಹುದು.

ಮೊದಲ ಸಲದ ಕಾಪಿಯನ್ನು ಮಾತ್ರ ಲೈನ್ ಮೇಲೆ ಮಾಡಬೇಡಿ. 6 ಟಿಬಿಗೆ 100 ಎಂಬಿಪಿಎಸ್‌ನಲ್ಲಿ ಹಗಲು ರಾತ್ರಿ ಓಡಿದರೂ ಐದೂವರೆ ದಿನ ಬೇಕು. ಮೂರೂ ಡಿಸ್ಕ್ ಗದಗದಲ್ಲೇ ತುಂಬಿಸಿ, ಒಂದನ್ನು ಅಲ್ಲೇ ಬಿಟ್ಟು, ಉಳಿದೆರಡನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹುಬ್ಬಳ್ಳಿಗೆ ತನ್ನಿ. ಸೆಟಪ್ ಮಾಡುವ ದಿನ ಹೇಳಿ, ನಾನು ಬರ್ತೀನಿ.