ಗಿಲೀಟು ಗೋಷ್ಠಿ

ವರಮಹಾಲಕ್ಷ್ಮಿ ಹಬ್ಬದ ಸಾಯಂಕಾಲ. ಬಸವನಗುಡಿಯಲ್ಲಿ ಮೂರು ಮನೆಯ ಅರಿಶಿನ ಕುಂಕುಮ ಮುಗಿಸಿ ನಾಲ್ಕು ಜನ ಗಾಂಧಿ ಬಜಾರಿನಲ್ಲಿ ಎರಡು ಬೈಟೂ ಕಾಫಿ ಹಿಡಿದು ನಿಂತಿದ್ದೆವು. ಮೈಮೇಲಿನ ಒಡವೆ ನೋಡಿದರೆ ಕಾಫಿ ಹಂಚಿಕೊಂಡು ಕುಡಿಯುವ ಪೈಕಿ ಅಂತ ಯಾರೂ ಹೇಳುತ್ತಿರಲಿಲ್ಲ.

"ಏನೇ ಇದು, ಕತ್ತಿನ ಸುತ್ತ ಪಾಚಿ ಕಟ್ಟಿದೆ!" ಜಯಕ್ಕ ನನ್ನ ಹಾರವನ್ನು ಬೆರಳಲ್ಲಿ ಎತ್ತಿ ನೋಡಿದರು.

ಹಾರ ಚಿಕ್ಕಪೇಟೆಯದು, ಒನ್ ಗ್ರಾಂ ಗೋಲ್ಡ್. ತಗೊಂಡು ಎಂಟು ತಿಂಗಳಾಗಿತ್ತು. "ಗ್ಯಾರಂಟಿ ಅಂದಿದ್ದ" ಅಂದೆ.

"ಯಾವುದು, ಹಸಿರಾಗೋದಾ?" ಅಂದಳು ಪದ್ಮ.

ಶೈಲಾ ಲೋಟ ಕೆಳಗಿಟ್ಟಳು. ಪೀಣ್ಯದ ಒಂದು ಪ್ಲೇಟಿಂಗ್ ಘಟಕದಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವಳು. ಈ ವಿಷಯ ಬಂದರೆ ಅವಳನ್ನು ತಡೆಯೋಕೆ ಆಗಲ್ಲ. "ಹಸಿರು ಚಿನ್ನದ್ದಲ್ಲ, ತಾಮ್ರದ್ದು. ಒಳಗಿರೋದು ತಾಮ್ರನೋ ಹಿತ್ತಾಳೆನೋ. ಮೇಲಿನ ಚಿನ್ನ ಸವೆದ ಕಡೆ ಬೆವರು ಹೋಗಿ ಅದನ್ನ ಮುಟ್ಟಿದೆ. ಕತ್ತು ಸೋಪು ಹಾಕಿ ತೊಳೆದರೆ ಸರಿಹೋಗುತ್ತೆ. ಹಾರದ ಕಥೆ ಬೇರೆ."

"ಎಂಟೇ ತಿಂಗಳಿಗೆ ಸವೆಯುತ್ತಾ?"

ಅವಳು ನನ್ನ ಭುಜದ ಮೇಲೆ ಬಿದ್ದಿದ್ದ ಕೂದಲೊಂದನ್ನು ತೆಗೆದು ದೀಪಕ್ಕೆ ಹಿಡಿದಳು. "ಇದರ ದಪ್ಪ ಸುಮಾರು 70 ಮೈಕ್ರಾನ್. ನಿನ್ನ ಹಾರದ ಮೇಲಿನ ಚಿನ್ನ ಅರ್ಧ ಮೈಕ್ರಾನ್ ಇದ್ದರೆ ನಿನ್ನ ಪುಣ್ಯ. ಈ ಕೂದಲನ್ನ 140 ಪದರ ಸೀಳು, ಅದರಲ್ಲಿ ಒಂದು."

"ಮತ್ತೆ ಒನ್ ಗ್ರಾಂ?"

"ನೂರು ಚದರ ಸೆಂಟಿಮೀಟರಿಗೆ ಅರ್ಧ ಮೈಕ್ರಾನ್ ಹಾಕಿದರೂ ಗ್ರಾಮಿನ ಹತ್ತರಲ್ಲೊಂದು ಪಾಲು ಆಗಲ್ಲ. ಬೈಟೂ ಅಂತ ಎರಡು ಲೋಟ ಕೊಟ್ಟಿಲ್ವಾ, ಅರ್ಧ ನೊರೆ? ಹಾಗೆ."

ಜಯಕ್ಕನಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಕೈ ಮುಂದೆ ಚಾಚಿ, "ನಮ್ಮಮ್ಮ ಕೊಟ್ಟ ರೋಲ್ಡ್ ಗೋಲ್ಡ್ ಬಳೆ, ನಲವತ್ತು ವರ್ಷ ಆಯ್ತು. ಪಾತ್ರೆ ತೊಳೆದಿದ್ದೀನಿ, ಬಟ್ಟೆ ಒಗೆದಿದ್ದೀನಿ. ಏನಾಗಿದೆ ನೋಡು" ಅಂದರು.

"ಅದು ಬೇರೆ ಜಾತಿ ಜಯಕ್ಕ. ಚಿನ್ನದ ತಗಡನ್ನ ಹಿತ್ತಾಳೆಗೆ ಬಿಸಿಯಲ್ಲಿ ಒತ್ತಿ ಬೆಸೆದು, ಎರಡನ್ನೂ ಒಟ್ಟಿಗೆ ಲಟ್ಟಿಸೋದು. ಬೆಳಿಗ್ಗೆ ಹೋಳಿಗೆ ಮಾಡಿದ್ರಲ್ಲ, ಹೂರಣ ಹಿತ್ತಾಳೆ, ಕಣಕ ಚಿನ್ನ. ಇವಳದ್ದು ತೊಟ್ಟಿಯಲ್ಲಿ ಅದ್ದಿ ಕರೆಂಟು ಕೊಟ್ಟು ಕೂರಿಸಿದ್ದು." ಆಮೇಲೆ ಪೊಲೀಸರ ಥರ ನನ್ನ ಕಡೆ ತಿರುಗಿದಳು. "ನಿಜ ಹೇಳು. ಏನು ಹಾಕಿ ತೊಳೆದೆ?"

ಹೇಳಬಾರದಿತ್ತು. "ಹುಣಸೆಹಣ್ಣು. ಆಮೇಲೆ ಸ್ವಲ್ಪ ಹಲ್ಲುಜ್ಜೋ ಪೇಸ್ಟು. ಹಳೇ ಬ್ರಷ್ಷು."

ಶೈಲಾ ಹಣೆ ಹಿಡಿದುಕೊಂಡಳು. "ದೇವರ ದೀಪದ ಕಂಬ ಉಜ್ಜೋ ಹಾಗೆ ಉಜ್ಜಿದ್ದೀಯಲ್ಲೇ! ಪೇಸ್ಟಿನಲ್ಲಿ ಸವೆಸೋ ಪುಡಿ ಇರುತ್ತೆ. ಚಿನ್ನ ಬಚ್ಚಲಿಗೆ ಹೋಯ್ತು."

"ಆವತ್ತು ಪಳಪಳ ಹೊಳೀತಿತ್ತು ಕಣೇ!"

"ಹೊಳೆದಿದ್ದು ಹಿತ್ತಾಳೆ."

ಕಾಫಿ ಹುಡುಗನೂ ನಕ್ಕ. ಪಕ್ಕದ ಹೂವಿನವಳು ಮಾತ್ರ ತನ್ನ ಕಿವಿಯೋಲೆ ಮುಟ್ಟಿ ನೋಡಿಕೊಂಡಳು.

"ಸರಿ, ಮತ್ತೆ ಹೇಗೆ ನೋಡ್ಕೋಬೇಕು?"

"ಸೀರೆ, ಹೂವು, ಪೌಡರು, ಸೆಂಟು ಎಲ್ಲ ಮುಗಿದ ಮೇಲೆ ಒಡವೆ. ಮನೆಗೆ ಬಂದು ಚಪ್ಪಲಿ ಬಿಟ್ಟ ತಕ್ಷಣ ಮೊದಲು ಬಿಚ್ಚೋದೂ ಅದೇ. ಹಳೇ ಪಂಚೆಯ ಮೆತ್ತನೆ ತುಂಡಿನಲ್ಲಿ ಬೆವರು ಒರೆಸು, ಉಜ್ಜಬೇಡ. ಆರಿದ ಮೇಲೆ ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿಗೆ ಹಾಕು, ಒಟ್ಟಿಗಿಟ್ಟರೆ ಒಂದನ್ನೊಂದು ಗೀಚುತ್ತೆ. ನೀರು ಬೀಳಿಸಬೇಡ, ಬಿದ್ದರೆ ತಕ್ಷಣ ಒತ್ತಿ ಒರೆಸು."

"ಇಷ್ಟು ಸೇವೆ ನಾನು ನಮ್ಮತ್ತೆಗೂ ಮಾಡಿಲ್ಲ" ಅಂದರು ಜಯಕ್ಕ. ಅವರತ್ತೆಯನ್ನು ಕಂಡವಳು ನಾನು. ಮಾತು ನಿಜ.

ಹಾರಕ್ಕೆ ಮತ್ತೆ ಚಿನ್ನದ ನೀರು ಹಾಕಿಸಬಹುದಾ ಅಂತ ಕೇಳಿದೆ. ಹಾಕಿಸಬಹುದಂತೆ. ಮಧ್ಯೆ ನಿಕ್ಕಲ್ ಪದರ ಕೊಟ್ಟರೆ ಒಳ್ಳೆಯದಂತೆ, ಇಲ್ಲದಿದ್ದರೆ ತಾಮ್ರ ನಿಧಾನಕ್ಕೆ ಚಿನ್ನದೊಳಗೇ ನುಸುಳಿ ಬಣ್ಣ ಕೆಡಿಸುತ್ತದಂತೆ. ಆದರೆ ನಿಕ್ಕಲ್ ಕೆಲವರ ಮೈಗೆ ಆಗೋದಿಲ್ಲ, ಕಿವಿ ಕೆರೆಯುತ್ತದೆ. ಇಷ್ಟು ಕೇಳಿದ್ದೇ ತಡ, ಜಯಕ್ಕ ಕಿವಿ ಕೆರೆದುಕೊಳ್ಳೋಕೆ ಶುರು ಮಾಡಿದರು.

"ನನಗೆ ಈ ತಾಪತ್ರಯ ಯಾವುದೂ ಇಲ್ಲಪ್ಪ" ಅಂತ ಪದ್ಮ ಕಾಸಿನ ಸರವನ್ನು ಸೆರಗಿನ ಮೇಲೆ ಎಳೆದುಕೊಂಡಳು. "ನಮ್ಮದು 916."

"22 ಕ್ಯಾರೆಟ್ಟು! ಹಾಗಾದರೆ ಹಾಲ್‌ಮಾರ್ಕ್ ತೋರಿಸು" ಅಂದಳು ಶೈಲಾ. "ಅದರ ಜೊತೆ ಎಚ್‌ಯುಐಡಿ ಅಂತ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ ಇರುತ್ತೆ. 2023ರ ಏಪ್ರಿಲ್‌ನಿಂದ ಅಂಗಡಿಯವರು ಅದಿಲ್ಲದೆ ಮಾರೋ ಹಾಗಿಲ್ಲ."

"ಇದು ಅದಕ್ಕೂ ಮುಂಚಿಂದು."

"ಹೋದ ತಿಂಗಳು ತಗೊಂಡೆ ಅಂದೆ?"

"ತಗೊಂಡಿದ್ದು ಹೋದ ತಿಂಗಳು. ಡಿಸೈನು ಹಳೇದು."

ಅಷ್ಟರಲ್ಲಿ ಶ್ರಾವಣದ ತುಂತುರು ಹನಿ. ನಾವು ಮೂವರು ತಲೆ ಮೇಲೆ ಸೆರಗು ಎಳೆದುಕೊಂಡೆವು. ಪದ್ಮ ತಲೆಯ ಗೊಡವೆಗೇ ಹೋಗಲಿಲ್ಲ. ಅವಳ ಎರಡೂ ಕೈ ಕತ್ತಿನ ಹಿಂದೆ ಕೊಕ್ಕೆ ಹುಡುಕುತ್ತಿತ್ತು. ಸರ ಬಿಚ್ಚಿ, ಕರ್ಚೀಫಿನಲ್ಲಿ ಒತ್ತಿ ಒರೆಸಿ, ಸುತ್ತಿ, ಪರ್ಸಿನ ಒಳಖಾನೆಗೆ ಹಾಕಿ, ಜಿಪ್ಪು ಎಳೆದಳು.

ಯಾರೂ ಮಾತಾಡಲಿಲ್ಲ. ಜಯಕ್ಕನೇ ನಿಧಾನವಾಗಿ ಕೇಳಿದರು:

"ಪದ್ಮಾ, 916 ನೆನೆದರೆ 915 ಆಗುತ್ತೇನೇ?"