ಬಾಣಲೆಯ ಹೊಗೆ, ಪಾರ್ಸೆಲಿನ ತೊಟ್ಟೆ: ಯಾವುದಕ್ಕೆ ಹೆಚ್ಚು ಹೆದರಬೇಕು?

ಘಾಟ್‌ಕೋಪರದ ಹೋಟೆಲಿಗ

ಮಾನ್ಯರೇ, ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತಿದ್ದೇನೆ. ನಮ್ಮಲ್ಲಿ ಹದಿನೆಂಟು ವರ್ಷ ಬಾಣಲೆಯ ಮುಂದೆ ನಿಂತು ವಡೆ, ಬಜ್ಜಿ ಕರಿದ ಭಟ್ಟರಿಗೆ ಶ್ವಾಸಕೋಶದ ಕ್ಯಾನ್ಸರ್ ಇದೆಯೆಂದು ಕಳೆದ ತಿಂಗಳು ಗೊತ್ತಾಯಿತು. ಅವರು ಬೀಡಿ, ಸಿಗರೇಟು ಮುಟ್ಟಿದವರಲ್ಲ. ಅಂದಿನಿಂದ ಗಲ್ಲಾದಲ್ಲಿ ಕುಳಿತಾಗ ಕಣ್ಣಿಗೆ ಬಿದ್ದದ್ದೆಲ್ಲದರ ಮೇಲೂ ಅನುಮಾನ: ಬಿಸಿ ಸಾಂಬಾರು ಸುರಿಯುವ ಪ್ಲಾಸ್ಟಿಕ್ ತೊಟ್ಟೆ, ವಡೆ ಸುತ್ತುವ ಹಳೆಯ ಪತ್ರಿಕೆ, ಸಂಜೆ ಹಚ್ಚುವ ಸೊಳ್ಳೆ ಬತ್ತಿ. ಒಂದೊಂದೂ ಅತ್ಯಲ್ಪವಾದ್ದರಿಂದ ಅಪಾಯವಿಲ್ಲವೆಂದು ಸ್ನೇಹಿತರು ಹೇಳುತ್ತಾರೆ. ಆ ಅಲ್ಪಗಳೆಲ್ಲ ಒಂದೇ ದೇಹದಲ್ಲಿ ಕೂಡಿದರೆ ಏನಾಗುತ್ತದೆ?

ನಿವೃತ್ತ ರಸಾಯನಶಾಸ್ತ್ರ ಶಿಕ್ಷಕಿ, ಮುಲುಂಡ್

ಭಟ್ಟರ ಸುದ್ದಿ ಓದಿ ನೋವಾಯಿತು. ಒಬ್ಬರ ಕ್ಯಾನ್ಸರಿಗೆ ಇಂಥದೇ ಕಾರಣವೆಂದು ಬೊಟ್ಟು ಮಾಡಲು ಯಾರಿಂದಲೂ ಆಗದು. ಆದರೂ ನಿಮ್ಮ ಅನುಮಾನ ಮೊದಲು ಬೀಳಬೇಕಾದದ್ದು ತೊಟ್ಟೆಯ ಮೇಲಲ್ಲ, ನಿಮ್ಮ ಪಟ್ಟಿಯಲ್ಲೇ ಇಲ್ಲದ ಬಾಣಲೆಯ ಹೊಗೆಯ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2010ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೆಚ್ಚಿನ ಉಷ್ಣತೆಯಲ್ಲಿ ಕರಿಯುವಾಗ ಏಳುವ ಹೊಗೆಯನ್ನು 2ಎ ಗುಂಪಿಗೆ, ಅಂದರೆ ಬಹುಮಟ್ಟಿಗೆ ಕ್ಯಾನ್ಸರ್‌ಕಾರಕವೆನ್ನಬಹುದಾದವುಗಳ ಸಾಲಿಗೆ ಸೇರಿಸಿದೆ. ಈ ಗುಂಪುಗಳು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತವೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಪುರಾವೆ ಖಚಿತವಾಗಿರುವ ಒಂದನೆಯ ಗುಂಪಿನಲ್ಲಿ ತಂಬಾಕಿನ ಜೊತೆಗೆ ನಮ್ಮೂರ ಅಡಿಕೆಯೂ ಇದೆ, 2013ರಿಂದ ಹೊರಗಿನ ಗಾಳಿಯ ಮಾಲಿನ್ಯವೂ ಇದೆ.

ಹೊಗೆ ಕೆಡುಕು ಮಾಡುವ ಬಗೆ ವಿಚಿತ್ರವಾದದ್ದು. ಅದರಲ್ಲಿರುವ ಬೆಂಜೊಪೈರೀನ್ ಎಂಬ ರಾಸಾಯನಿಕ ತಾನಾಗಿ ಡಿಎನ್‌ಎಗೆ ಅಂಟುವುದಿಲ್ಲ. ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕಲೆಂದು ದೇಹದ ಕಿಣ್ವಗಳೇ ಅದಕ್ಕೆ ಆಮ್ಲಜನಕ ಸೇರಿಸುತ್ತವೆ. ಆ ಶುದ್ಧೀಕರಣದ ನಡುದಾರಿಯಲ್ಲಿ ಹುಟ್ಟುವ ಚುರುಕಾದ ಅಣು ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನೀನನ್ನು ಕಚ್ಚಿಕೊಳ್ಳುತ್ತದೆ. ದುರಸ್ತಿಯಾಗುವ ಮುನ್ನ ಜೀವಕೋಶ ಇಬ್ಭಾಗವಾದರೆ ಆ ತಪ್ಪು ಮುಂದಿನ ಪೀಳಿಗೆಯ ಕೋಶಗಳಿಗೂ ದಾಟಬಹುದು, ಮತ್ತು ಅದು ಕೋಶವಿಭಜನೆಗೆ ಕಡಿವಾಣ ಹಾಕುವ ಪಿ53 ವಂಶವಾಹಿಯಲ್ಲೇ ಆದರೆ ಕಡಿವಾಣವೇ ಸಡಿಲವಾಗುತ್ತದೆ.

ಪ್ರಯೋಗಾಲಯದವನು, ಡೊಂಬಿವಲಿ

ಮೇಡಂ ಬರೆದದ್ದು ಸರಿ; ಆದರೆ ಹೋಟೆಲಿಗರ ಮೂಲ ಪ್ರಶ್ನೆ ಕೂಡಿಕೆಯದು. ಹ್ಯಾಲಿಫ್ಯಾಕ್ಸ್ ಯೋಜನೆ ಎಂಬ ಹೆಸರಿನಲ್ಲಿ 28 ದೇಶಗಳ 174 ವಿಜ್ಞಾನಿಗಳು ನಿತ್ಯದ ಪರಿಸರದಲ್ಲಿರುವ 85 ರಾಸಾಯನಿಕಗಳನ್ನು ಪರಿಶೀಲಿಸಿ, ಅವುಗಳಲ್ಲಿ 50 ಅಲ್ಪ ಪ್ರಮಾಣದಲ್ಲಿಯೂ ಕ್ಯಾನ್ಸರಿಗೆ ಸಂಬಂಧಿಸಿದ ಯಾವುದಾದರೊಂದು ಪ್ರಕ್ರಿಯೆಯನ್ನು ಪ್ರಭಾವಿಸಬಲ್ಲವೆಂದು 2015ರಲ್ಲಿ ವರದಿ ಮಾಡಿದರು. ಒಂದು ವಸ್ತು ಡಿಎನ್‌ಎಗೆ ಪೆಟ್ಟು ಕೊಡಬಹುದು, ಇನ್ನೊಂದು ಕೋಶವಿಭಜನೆಯನ್ನು ಉತ್ತೇಜಿಸಬಹುದು, ಮತ್ತೊಂದು ಕೆಟ್ಟ ಕೋಶವನ್ನು ಕೊಲ್ಲಬೇಕಾದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಬಹುದು. ಬಿಡಿಬಿಡಿಯಾಗಿ ಯಾವುದೂ ಕ್ಯಾನ್ಸರ್‌ಕಾರಕವಲ್ಲದಿದ್ದರೂ ಕೂಡಿದಾಗ ಕೆಲಸ ಕೆಡಬಹುದು. ಇದು ಬಲವಾದ ಊಹೆ, ರುಜುವಾತಾದ ಸಂಗತಿಯಲ್ಲ.

ತೊಟ್ಟೆಯ ಬಗ್ಗೆ ಒಂದು ಮಾತು. ಎಲ್ಲರೂ ಹೆದರುವ ಬಿಸ್‌ಫಿನಾಲ್-ಎ ಎಂಬ ರಾಸಾಯನಿಕ ಇರುವುದು ಮುಖ್ಯವಾಗಿ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಗಳಲ್ಲಿ ಮತ್ತು ತಗಡಿನ ಡಬ್ಬಿಗಳ ಒಳಲೇಪದಲ್ಲಿ. ತೆಳು ತೊಟ್ಟೆಗಳು ಸಾಮಾನ್ಯವಾಗಿ ಪಾಲಿಥೀನಿನವು, ಅದು ಬೇರೆಯೇ ಪ್ಲಾಸ್ಟಿಕ್. ಹಾಗೆಂದು ಕುದಿಯುವ ಸಾಂಬಾರನ್ನು ಅದಕ್ಕೆ ಸುರಿಯಿರಿ ಎಂದು ನಾನು ಹೇಳಲಾರೆ. ಸೊಳ್ಳೆ ಬತ್ತಿಯನ್ನಂತೂ ಇಂದೇ ಬಿಡಿ: 2003ರ ಅಧ್ಯಯನವೊಂದರ ಪ್ರಕಾರ ಒಂದು ಬತ್ತಿ ಉರಿದರೆ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳು ಹೊರಬೀಳುತ್ತವೆ.

ಠಾಣೆಯ ಹೋಟೆಲಿಗ

ಅಣ್ಣಾ, ನಾನೂ ಇದೇ ಕಸುಬಿನವನು, ಮಾಡಿಕೊಂಡದ್ದನ್ನಷ್ಟೇ ಬರೆಯುತ್ತೇನೆ. ನಮ್ಮ ಚಿಮಣಿಯ ಜಾಲರಿ ಜಿಡ್ಡು ಕಟ್ಟಿ, ಫ್ಯಾನ್ ಸದ್ದು ಮಾಡುತ್ತಿತ್ತೇ ಹೊರತು ಹೊಗೆ ಎಳೆಯುತ್ತಿರಲಿಲ್ಲ. ಈಗ ಪ್ರತಿ ಸೋಮವಾರ ತೊಳೆಸುತ್ತೇನೆ, ಕರಿಯುವ ಕೆಲಸಕ್ಕೆ ಇಬ್ಬರನ್ನು ಸರದಿಯಲ್ಲಿ ನಿಲ್ಲಿಸುತ್ತೇನೆ. ಪದೇಪದೇ ಕಾಯಿಸಿದ ಎಣ್ಣೆ ಕೆಟ್ಟಾಗ ಅದರಲ್ಲಿ ಹೆಚ್ಚುವ ಒಟ್ಟು ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಬಳಸಬಾರದೆಂಬ ನಿಯಮ 2018ರ ಜುಲೈಯಿಂದಲೇ ಇದೆ. ಅಳೆಯುವ ಮೀಟರ್ ದುಬಾರಿ ಎನಿಸಿದರೂ ಕೊಂಡೆ, ಏಕೆಂದರೆ ಹಳೆಯ ಎಣ್ಣೆ ಬೇಗ ಹೊಗೆಯಾಡುತ್ತದೆ. ತಂದೂರಿಗೆ ಕಲ್ಲಿದ್ದಲು ಬಿಟ್ಟದ್ದು 2025ರಲ್ಲಿ. ಆ ಜನವರಿಯಲ್ಲಿ ಬಾಂಬೆ ಹೈಕೋರ್ಟು ಮುಂಬಯಿಯ ಬೇಕರಿ, ಹೋಟೆಲುಗಳಿಗೆ ಅದನ್ನು ಬಿಡಲು ಆರು ತಿಂಗಳ ಗಡುವು ಕೊಟ್ಟಿತ್ತಷ್ಟೇ. ವಡೆಗೆ ಪತ್ರಿಕೆಯ ಬದಲು ಬಾಳೆಲೆ ಹಾಕುತ್ತೇನೆ. ಶಾಯಿಯಲ್ಲಿ ಸೀಸ ಇರಬಹುದು. ಸಾಂಬಾರಿಗೆ ಸ್ಟೀಲ್ ಡಬ್ಬಿ ತರುವವರಿಗೆ ಐದು ರೂಪಾಯಿ ಕಡಿಮೆ ಮಾಡಿದ್ದೇನೆ, ಆದರೂ ಹೆಚ್ಚಿನವರು ಇಂದಿಗೂ ತೊಟ್ಟೆಯನ್ನೇ ಕೇಳುತ್ತಾರೆ.