ಹಾಪ್ಸ್ ರೇಟ್: ಮೂರು ವರ್ಷದ ಕಾಂಟ್ರಾಕ್ಟ್ ಮಾಡುವುದಾ, ಬೇಡ್ವಾ?

ಮಣಿಪಾಲ_ಮಾಲ್ಟ್:
ನಮ್ಮ ಬ್ರೂಪಬ್‌ನಲ್ಲಿ ತಿಂಗಳಿಗೆ 1000 ಲೀಟರ್‌ನ ನಾಲ್ಕು ಬ್ಯಾಚ್. ಎರಡು ಲಾಗರ್, ಒಂದು ವೀಟ್, ಒಂದು ಐಪಿಎ (ಹಾಪ್ಸ್ ಜಾಸ್ತಿ ಬೀಳುವ ಬಿಯರ್). ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಬಳ್ಳಿಯ ಹೂ) ತಳಿಗಳಲ್ಲಿ ಸಿಟ್ರಾ, ಮೊಸಾಯಿಕ್ ಎರಡಕ್ಕೂ ಮೂರು ವರ್ಷದ ಕಾಂಟ್ರಾಕ್ಟ್ ಮಾಡಿ, ರೇಟ್ ಲಾಕ್ ಆಗ್ತದೆ ಅಂತ ಸಪ್ಲೈಯರ್ ಹೇಳ್ತಾರೆ. ಅಮೆರಿಕದಲ್ಲಿ ಸ್ಟಾಕ್ ಜಾಸ್ತಿಯಾಗಿ ರೇಟ್ ಬಿದ್ದಿದೆ ಅಂತಲೂ ಕೇಳ್ತದೆ. ಹಾಗಾದ್ರೆ ನಮ್ಮ ಕೊಟೇಶನ್ ಯಾಕೆ ಇಳಿಯುವುದಿಲ್ಲ?

ತೆಂಕಪೇಟೆ:
ಪೂರ್ತಿ ಸೈನ್ ಮಾಡ್ಬೇಡಿ ಮಾರಾಯ್ರೆ. ಬೆಳೆಯ ದೊಡ್ಡ ಪಾಲು ಕೊಯ್ಲಿಗೆ ಮೊದಲೇ ಕಾಂಟ್ರಾಕ್ಟ್‌ನಲ್ಲಿ ಮಾರಿ ಹೋಗಿರ್ತದೆ. ಉಳಿದದ್ದು ಸ್ಪಾಟ್, ಅಂದ್ರೆ ಕಾಂಟ್ರಾಕ್ಟ್ ಇಲ್ಲದೆ ಆ ಹೊತ್ತಿನ ರೇಟಿಗೆ ಮಾರುವುದು. ಆ ಪಾಲು ಸಣ್ಣದು, ಹಾಗಾಗಿ ಚೂರು ಕೊರತೆಯಾದ್ರೂ ರೇಟ್ ಹಾರ್ತದೆ, ಚೂರು ಹೆಚ್ಚಾದ್ರೆ ಕುಸೀತದೆ.

2007-08ರಲ್ಲಿ ಆದದ್ದು ಅದೇ. ವರ್ಷಗಟ್ಟಲೆ ರೇಟ್ ಇಲ್ಲದೆ ರೈತರು ಬಳ್ಳಿ ಕಿತ್ತಿದ್ದರು, ಯುರೋಪಿನಲ್ಲಿ ಬೆಳೆ ಕೈಕೊಟ್ಟಿತು, 2006ರಲ್ಲಿ ಅಮೆರಿಕದಲ್ಲಿ ಹಾಪ್ಸ್ ಬೆಳೆಯುವ ಯಾಕಿಮಾದ ಒಂದು ಗೋದಾಮು ಸುಟ್ಟುಹೋಗಿತ್ತು. ಹೆದರಿದ ಬ್ರೂವರಿಗಳು ಏರಿದ ರೇಟಿಗೇ ವರ್ಷಗಟ್ಟಲೆ ಕಾಂಟ್ರಾಕ್ಟ್ ಮಾಡಿದವು, ಅಷ್ಟರಲ್ಲಿ ಹೊಸ ನೆಡುತೋಪು ಫಸಲಿಗೆ ಬಂತು. ಬಳ್ಳಿ ಪೂರ್ತಿ ಫಸಲು ಕೊಡ್ಲಿಕ್ಕೆ ಎರಡು ಮೂರು ವರ್ಷ ಬೇಕು. ರೇಟ್ ಇದ್ದಾಗ ಎಲ್ಲರೂ ಅಡಿಕೆ ಸಸಿ ಇಟ್ಟು, ಫಲ ಬರುವ ಹೊತ್ತಿಗೆ ತಲೆಗೆ ಕೈ ಇಡ್ತಾರಲ್ಲ, ಹಾಗೆ. ಸಣ್ಣ ಬ್ರೂವರಿಗಳ ಕ್ರಾಫ್ಟ್ ಬಿಯರ್ ಓಟದಲ್ಲೂ ಇದೇ ಮರುಕಳಿಸಿತು. ಅಮೆರಿಕದಲ್ಲಿ 2021ರಲ್ಲಿ 60,000 ಎಕರೆ ದಾಟಿದ್ದದ್ದು 2024ಕ್ಕೆ ಸುಮಾರು 45,000ಕ್ಕೆ ಇಳಿಯಿತು.

ಇನ್ನು ನಿಮ್ಮ ಕೊಟೇಶನ್. ಸಿಟ್ರಾ, ಮೊಸಾಯಿಕ್ ಖಾಸಗಿ ತಳಿಗಳು. ಯಾರು ಎಷ್ಟು ಎಕರೆ ಬೆಳೆಯಬೇಕು ಎಂಬುದು ತಳಿಯ ಒಡೆಯರ ಕೈಯಲ್ಲಿ ಉಂಟು. ಸ್ಟಾಕ್ ಹೆಚ್ಚಾದ್ರೆ ಅವರು ರೇಟಿಗಿಂತ ಮೊದಲು ಎಕರೆ ಇಳಿಸ್ತಾರೆ. 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಸಾರ್ವಜನಿಕ ತಳಿ, ಯಾರು ಬೇಕಾದ್ರೂ ಬೆಳೆಯಬಹುದು. ಬಿದ್ದ ರೇಟಿನ ಲಾಭ ಬೇಕಾದ್ರೆ ಅಂಥದ್ದರಲ್ಲಿ ಹುಡುಕಿ.

ಕದ್ರಿಗುಡ್ಡೆ:
ಕಿಲೋ ರೇಟ್ ಒಂದೇ ನೋಡಿದ್ರೆ ಲೆಕ್ಕ ತಪ್ತದೆ. ಕಹಿಗೆ ಹಾಕುವ ಹಾಪ್ಸನ್ನು ಆಲ್ಫಾ (ಕಹಿ ಕೊಡುವ ಆಮ್ಲ) ಲೆಕ್ಕದಲ್ಲಿ ಕೊಳ್ಳಿ. 1000 ಲೀಟರ್‌ಗೆ 25 ಐಬಿಯು (ಕಹಿಯ ಅಳತೆ, ಲೀಟರ್‌ಗೆ ಸುಮಾರು ಇಷ್ಟು ಮಿಲಿಗ್ರಾಂ) ಬೇಕು, ಹಾಕಿದ ಆಲ್ಫಾದಲ್ಲಿ ಬಿಯರ್‌ಗೆ ಇಳಿಯುವುದು 28% ಅಂತಿಟ್ಟುಕೊಂಡ್ರೆ ಸುಮಾರು 89 ಗ್ರಾಂ ಆಲ್ಫಾ ಬೇಕು. 13% ಆಲ್ಫಾ ಇರುವ ಮ್ಯಾಗ್ನಮ್ ತಳಿ ಆದ್ರೆ 690 ಗ್ರಾಂ ಸಾಕು. 3.5%ರ ಸಾಜ್ ತಳಿ ಆದ್ರೆ ಎರಡೂವರೆ ಕಿಲೋ! ಲಾಗರ್‌ಗೆ ಸಾಜ್ ಪರಿಮಳ ಬೇಕಿದ್ರೆ ಕೊನೆಯಲ್ಲಿ ಮಾತ್ರ ಹಾಕಿ. ನಿಮ್ಮ ಲಾಗರ್, ವೀಟ್ ಎರಡಕ್ಕೂ ಸೇರಿ ವರ್ಷಕ್ಕೆ 25 ಕಿಲೋ ಮ್ಯಾಗ್ನಮ್ ಸಾಕು. ಅದಕ್ಕೆ ಎಂತ ಕಾಂಟ್ರಾಕ್ಟ್?

ದುಡ್ಡು ಹೋಗುವುದು ಐಪಿಎಗೆ. ಡ್ರೈ ಹಾಪ್‌ಗೆ (ಕುದಿಸದೆ, ತಣಿದ ಮೇಲೆ ಪರಿಮಳಕ್ಕೆ ಹಾಕುವುದು) ಲೀಟರ್‌ಗೆ 8 ಗ್ರಾಂ, ವರ್ಲ್‌ಪೂಲ್‌ಗೆ (ಕುದಿ ನಿಲ್ಲಿಸಿದ ಮೇಲೆ ಬಿಸಿಯಲ್ಲೇ ಹಾಕುವುದು) 2 ಕಿಲೋ, ಒಟ್ಟು ಬ್ಯಾಚ್‌ಗೆ 10 ಕಿಲೋ, ವರ್ಷಕ್ಕೆ 120. ಕಾಂಟ್ರಾಕ್ಟ್ ಮಾಡುವುದಾದ್ರೆ ಒಂದು ವರ್ಷಕ್ಕೆ, ಅದರಲ್ಲಿ 70 ಕಿಲೋಗೆ ಮಾತ್ರ.

ಮತ್ತೆ, ಡಾಲರ್‌ನಲ್ಲಿ ಲಾಕ್ ಆದ್ರೆ ರೂಪಾಯಿಯಲ್ಲಿ ಲಾಕ್ ಆದ ಹಾಗೆ ಅಲ್ಲ. ಬಾಡಿಗೆ, ಕಸ್ಟಮ್ಸ್ ಸುಂಕ, ಕ್ಲಿಯರಿಂಗ್ ಏಜೆಂಟ್, ಕೋಲ್ಡ್ ಸ್ಟೋರೇಜ್ ಎಲ್ಲ ಮೇಲೆ ಬೀಳ್ತದೆ. ಬಿಯರ್ ಜಿಎಸ್‌ಟಿಯ ಹೊರಗೆ ಇರುವುದರಿಂದ ಹಾಪ್ಸ್ ಮೇಲೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಅದೂ ಖರ್ಚೇ. ಯಾಕಿಮಾದಲ್ಲಿ ಇಳಿದದ್ದು ಮಣಿಪಾಲಕ್ಕೆ ಮುಟ್ಟುವಾಗ ಕಾಣದೇ ಇರುವುದು ಅದಕ್ಕೇ.

ಮಣಿಪಾಲ_ಮಾಲ್ಟ್:
ಹಳೆಯ ಬೆಳೆ ಡಿಸ್ಕೌಂಟ್‌ನಲ್ಲಿ ಸಿಗ್ತದಂತೆ. ತೆಗೊಳ್ಳಬಹುದಾ?

ಮಲ್ಪೆ_ಗಾಳಿ:
ತೆಗೊಳ್ಳಬಹುದು, ಶೀತಲ ಗೋದಾಮಿನಲ್ಲೇ ಇಟ್ಟದ್ದಾದ್ರೆ. ಅಮೆರಿಕದಲ್ಲಿ ಕೊಯ್ಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್. ಹೊಸ ಪೆಲೆಟ್ (ಪುಡಿ ಮಾಡಿ ಒತ್ತಿದ ಹಾಪ್ಸ್ ಗುಳಿಗೆ) ಬರುವ ಹೊತ್ತಿಗೆ ಹಳೆಯದನ್ನು ಖಾಲಿ ಮಾಡ್ಲಿಕ್ಕೆ ನೋಡ್ತಾರೆ, ಆಗ ಚೌಕಾಸಿ ಮಾಡಿ. ಬೆಳೆ ವರ್ಷ, ಈಗಿನ ಆಲ್ಫಾ, ಎಚ್‌ಎಸ್‌ಐ (ಹಾಪ್ಸ್ ಎಷ್ಟು ಹಳಸಿದೆ ಅಂತ ತೋರಿಸುವ ಅಂಕಿ) ಇರುವ ಲ್ಯಾಬ್ ರಿಪೋರ್ಟ್ ಕೇಳಿ. ಪ್ಯಾಕ್ ಮಾಡಿದ ದಿನದ ಆಲ್ಫಾ ತೋರಿಸಿದ್ರೆ ಒಪ್ಪಬೇಡಿ. ಪ್ಯಾಕ್ ಉಬ್ಬಿದ್ರೆ ಅಥವಾ ಒಳಗೆ ಪೆಲೆಟ್ ಸಡಿಲವಾಗಿ ಅಲುಗಾಡಿದ್ರೆ ಸೀಲ್ ಬಿಟ್ಟಿರಬಹುದು. ಆದ್ರೆ ನೈಟ್ರೋಜನ್ ತುಂಬಿದ ಪ್ಯಾಕ್ ಮೆತ್ತಗೇ ಇರ್ತದೆ, ಅಂಥದ್ದಾ ಅಂತ ಮೊದಲು ಕೇಳಿ. ಒಡೆದಾಗ ಹಳೇ ಚೀಸ್ ವಾಸನೆ ಬಂದ್ರೆ ಐಪಿಎಗೆ ಆಗುವುದಿಲ್ಲ.

20 ಕಿಲೋ ಪೆಟ್ಟಿಗೆ ಅಗ್ಗ ಅಂತ ತರಬೇಡಿ. 5 ಕಿಲೋ ಪ್ಯಾಕ್ ತನ್ನಿ. ಸಿಟ್ರಾ ಒಂದು, ಮೊಸಾಯಿಕ್ ಒಂದು, ಒಂದು ಬ್ಯಾಚ್‌ಗೆ ಸರಿ ಆಗ್ತದೆ, ಉಳಿಯುವ ಪ್ರಶ್ನೆ ಇಲ್ಲ. ಮಳೆಗಾಲದಲ್ಲಿ ಫ್ರೀಜರ್‌ನಿಂದ ತೆಗೆದ ಕೂಡಲೇ ಒಡೆದ್ರೆ ಪೆಲೆಟ್ ಮೇಲೆ ನೀರು ಕೂರ್ತದೆ. ಸೀಲ್ ಇದ್ದ ಹಾಗೇ ಹೊರಗಿಟ್ಟು, ತಣ್ಣಗಿದ್ದದ್ದು ಬಿಟ್ಟ ಮೇಲೆ ಕತ್ತರಿ ಹಾಕಿ.

ಕಾಂಟ್ರಾಕ್ಟ್ ಮಾಡಿದ್ರೂ ಮೂರು ಸಾಲು ಬರೆಸಿ: ಆಲ್ಫಾ ಇಷ್ಟಕ್ಕಿಂತ ಕೆಳಗಿದ್ದರೆ ರೇಟ್ ಕಡಿಮೆ, ಎತ್ತದೆ ಉಳಿದದ್ದು ಮುಂದಿನ ವರ್ಷಕ್ಕೆ, ಅದರ ಗೋದಾಮು ಬಾಡಿಗೆ ಎಷ್ಟು.